ಮನೆಯ ಆರೈಕೆ, ಕಾಲೇಜಿನ ಹಾಜರಾತಿ: ಯಾರೂ ಎಣಿಸದ ವಿದ್ಯಾರ್ಥಿಗಳು

ವಾರಕ್ಕೆ ಎರಡು ಸಲ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಾದ ಪದವಿ ವಿದ್ಯಾರ್ಥಿಯೊಬ್ಬನ ಲೆಕ್ಕ ಹಾಕಿ ನೋಡೋಣ. ಚಿಕಿತ್ಸೆಗೇ ಸುಮಾರು ನಾಲ್ಕು ಗಂಟೆ ಬೇಕು. ಊರಿನಿಂದ ಆಸ್ಪತ್ರೆಗೆ ಬಸ್ಸು, ಅಲ್ಲಿ ಸರದಿ, ಮುಗಿದ ಮೇಲೆ ಸುಸ್ತಾದ ಅಪ್ಪನನ್ನು ನಿಧಾನವಾಗಿ ಮನೆ ಮುಟ್ಟಿಸುವ ದಾರಿ ಎಲ್ಲ ಸೇರಿದರೆ ಇಡೀ ದಿನ ಹೋಯಿತು. ಆರು ದಿನದ ವಾರದಲ್ಲಿ ಎರಡು ದಿನ ಹೋದರೆ ಉಳಿಯುವುದು ನಾಲ್ಕು. ಬೇರೆ ಯಾವ ಕಾರಣಕ್ಕೂ ಒಂದೇ ಒಂದು ತರಗತಿ ತಪ್ಪಿಸದಿದ್ದರೂ ಅವನ ಹಾಜರಾತಿ ಶೇ 67 ದಾಟುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುವುದು ಶೇ 75. ಅವನಿಗೆ ಎಷ್ಟೇ ಶ್ರದ್ಧೆ ಇರಲಿ, ಲೆಕ್ಕವೇ ಅವನನ್ನು ಸೋಲಿಸುತ್ತದೆ. ಹಾಜರಾತಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ಅವನ ಹೆಸರು ಬೇಕೆಂದೇ ತರಗತಿ ತಪ್ಪಿಸಿದವರ ಹೆಸರಿನ ಜೊತೆಗೇ ಇರುತ್ತದೆ. ಕಾರಣ ಬರೆಯುವ ಕಾಲಂ ಆ ಪಟ್ಟಿಯಲ್ಲಿ ಇರುವುದಿಲ್ಲ.

ಕಾಲೇಜಿಗೆ ಸೇರಿಕೊಂಡು, ಅದೇ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರ ಆರೈಕೆಯ ಹೊಣೆಯನ್ನೂ ಹೊತ್ತಿರುವ ಯುವಜನರ ಬಗ್ಗೆ ಮೂರು ದಶಕಗಳಿಂದ ಜಗತ್ತಿನ ಕೆಲವು ಕಡೆ ಅಧ್ಯಯನ ನಡೆದಿದೆ. ಆ ಅಧ್ಯಯನಗಳು ಏನು ಹೇಳಿವೆ, ಬೇರೆ ದೇಶಗಳು ಏನು ಮಾಡಿವೆ, ನಾವು ಎಲ್ಲಿದ್ದೇವೆ, ನಮ್ಮ ಪದವಿ ವಿದ್ಯಾರ್ಥಿಗಳೇ ಈ ವಿಷಯದ ಸಂಶೋಧಕರಾಗಲು ಸಾಧ್ಯವೇ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಉನ್ನತ ಶಿಕ್ಷಣದಲ್ಲಿ ಸಮಾನ ಅವಕಾಶದ ಮಾತು ಪೂರ್ತಿಯಾಗುವುದಿಲ್ಲ ಎಂಬುದು ನನ್ನ ಖಚಿತ ನಿಲುವು.

ಇವರು ಯಾರು?

ಆರೈಕೆಯ ಹೊಣೆ ಹೊತ್ತ ವಿದ್ಯಾರ್ಥಿಗಳೆಲ್ಲ ಒಂದೇ ಬಗೆಯವರಲ್ಲ. ದೀರ್ಘಕಾಲದ ಕಾಯಿಲೆ, ಅಂಗವೈಕಲ್ಯ ಅಥವಾ ಮಾನಸಿಕ ಅಸ್ವಸ್ಥತೆ ಇರುವ ತಂದೆ ತಾಯಿಯನ್ನು ನೋಡಿಕೊಳ್ಳುವವರು ಇದ್ದಾರೆ. ಮರೆವಿನ ಕಾಯಿಲೆಯ ಅಜ್ಜ ಅಜ್ಜಿಯ ಹಿಂದೆ ಮುಂದೆ ಇರಬೇಕಾದವರು ಇದ್ದಾರೆ. ಬುದ್ಧಿಮಾಂದ್ಯತೆ ಇರುವ ತಮ್ಮನನ್ನೋ ತಂಗಿಯನ್ನೋ ಸಂಭಾಳಿಸುವವರು, ಮಗುವನ್ನು ಮನೆಯಲ್ಲಿ ಬಿಟ್ಟು ಪರೀಕ್ಷೆಗೆ ಬರುವ ತಾಯಂದಿರು, ಮದುವೆಯಾಗಿ ಅತ್ತೆ ಮಾವನ ಔಷಧೋಪಚಾರದ ನಡುವೆ ಬಿ.ಎಡ್. ಮುಗಿಸಲು ಹೆಣಗುವವರು ಇದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಅಕ್ಕನ ಬಾಣಂತನಕ್ಕೆ ಅಮ್ಮನ ಕೈಯಾಸರೆಯಾಗಿ ನಿಲ್ಲುವ ತಂಗಿಯೂ ಈ ಸಾಲಿನವಳೇ. ಆ ಮೂರು ತಿಂಗಳಲ್ಲಿ ಒಂದು ಸೆಮಿಸ್ಟರಿನ ಬಹುಪಾಲು ಕಳೆದುಹೋಗುತ್ತದೆ. ಕೋವಿಡ್ ಕಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲೇ ತಮ್ಮ ತಂಗಿಯರಿಗೆ ಹಿರಿಯರಾದವರೂ ಇದ್ದಾರೆ.

ಈ ಕೆಲಸ ಎಷ್ಟು ಭಾರದ್ದು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಲಕ್ವ ಹೊಡೆದು ಮಲಗಿದ ತಾಯಿಯನ್ನು ನೋಡಿಕೊಳ್ಳುವ ಬಿ.ಎ. ವಿದ್ಯಾರ್ಥಿನಿಯೊಬ್ಬಳ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಬೆನ್ನಿಗೆ ಹುಣ್ಣಾಗದಂತೆ ತಾಯಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಹತ್ತಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ, ಎರಡಕ್ಕೆ, ನಾಲ್ಕಕ್ಕೆ. ಮಗ್ಗುಲು ಬದಲಿಸುವಾಗ ಬಟ್ಟೆ ಒದ್ದೆಯಾಗಿದೆಯೇ ನೋಡಬೇಕು, ಒದ್ದೆಯಾಗಿದ್ದರೆ ಒರೆಸಿ ಬದಲಾಯಿಸಬೇಕು. ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವುದಿದ್ದರೆ ತಲೆಯ ಭಾಗವನ್ನು ಎತ್ತರಿಸಿ, ನಿಧಾನವಾಗಿ ಸುರಿದು, ಆಮೇಲೂ ಅರ್ಧ ಗಂಟೆ ಹಾಗೇ ಕೂರಿಸಿರಬೇಕು. ಬೆಳಗ್ಗೆ ಸಕ್ಕರೆ ಮಟ್ಟ ನೋಡಿ ಇನ್ಸುಲಿನ್ ಕೊಡಬೇಕು. ಇಷ್ಟಾದ ಮೇಲೆ ಎಂಟೂವರೆಯ ಬಸ್ಸು. ಮೊದಲ ಪೀರಿಯಡ್ಡಿನಲ್ಲಿ ಅವಳು ತೂಕಡಿಸಿದರೆ ಅದು ಸೋಮಾರಿತನವಲ್ಲ, ಅವಳು ರಾತ್ರಿಯೆಲ್ಲ ದುಡಿದು ಬಂದಿದ್ದಾಳೆ.

ಅಧ್ಯಯನ ಬೆಳೆದ ಬಗೆ

ಈ ಕ್ಷೇತ್ರಕ್ಕೆ ಗಟ್ಟಿಯಾದ ಬುನಾದಿ ಬಿದ್ದದ್ದು ಬ್ರಿಟನ್ನಿನಲ್ಲಿ. ಜೋ ಆಲ್ಡ್ರಿಜ್ ಮತ್ತು ಸೌಲ್ ಬೆಕರ್ 1993ರಲ್ಲಿ ನಾಟಿಂಗ್‌ಹ್ಯಾಮಿನ ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನ, ಕಾಯಿಲೆಯ ತಂದೆ ತಾಯಿಯನ್ನು ಮಕ್ಕಳೇ ನೋಡಿಕೊಳ್ಳುವ ಮನೆಗಳ ಒಳಗನ್ನು ಸಮಾಜದ ಮುಂದಿಟ್ಟಿತು. ಅಲ್ಲಿಯವರೆಗೆ ಆರೈಕೆಯ ಸಂಶೋಧನೆಯೆಂದರೆ ಬಹುಮಟ್ಟಿಗೆ ನಡುವಯಸ್ಸಿನ ಗೃಹಿಣಿಯರ, ವೃದ್ಧ ಗಂಡ ಹೆಂಡಿರ ಸಂಶೋಧನೆಯಾಗಿತ್ತು. ಮುಂದೆ ಬೆಕರ್ ಮತ್ತು ಸಂಗಡಿಗರು ಆರೈಕೆಯ ಕೆಲಸಗಳನ್ನೂ ಅದರ ಒಳಿತು ಕೆಡುಕುಗಳನ್ನೂ ಅಳೆಯುವ ಪ್ರಶ್ನಾವಳಿಗಳನ್ನು ರೂಪಿಸಿದರು. ಅವುಗಳ ಪೈಕಿ ಒಂದರಲ್ಲಿ 18 ಪ್ರಶ್ನೆಗಳಿವೆ. ಅಡುಗೆ, ಮನೆ ಶುಚಿ, ಹಣದ ವ್ಯವಹಾರ, ಮೈ ತೊಳೆಸುವುದು, ಜೊತೆಗೆ ಕೂತು ಸಮಾಧಾನ ಹೇಳುವುದು, ಒಡಹುಟ್ಟಿದವರನ್ನು ನೋಡಿಕೊಳ್ಳುವುದು ಹೀಗೆ ಒಂದೊಂದು ಕೆಲಸವನ್ನೂ ಎಷ್ಟು ಸಲ ಮಾಡುತ್ತೀರಿ ಎಂದು ಅದು ಕೇಳುತ್ತದೆ.

ಕಾಲೇಜು, ವಿಶ್ವವಿದ್ಯಾಲಯದ ಹಂತದವರ ಕಡೆ ಗಮನ ಹರಿದದ್ದು ಇನ್ನೂ ತಡವಾಗಿ. ಜೋ ಸೆಂಪಿಕ್ ಮತ್ತು ಬೆಕರ್ 2014ರಲ್ಲಿ ಬ್ರಿಟನ್ನಿನ ಕೇರರ್ಸ್ ಟ್ರಸ್ಟ್ ಸಂಸ್ಥೆಗಾಗಿ ನೂರರಷ್ಟು ಯುವ ಆರೈಕೆದಾರ ವಿದ್ಯಾರ್ಥಿಗಳನ್ನು ಸಮೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚಿನವರು ಆರೈಕೆಯ ಕಾರಣದಿಂದ ಓದಿನಲ್ಲಿ ತೊಂದರೆ ಪಡುತ್ತಿದ್ದೇವೆ ಎಂದರು. ಓದು ಬಿಡಬೇಕಾಗಬಹುದು ಎಂಬ ಆತಂಕವನ್ನೂ ಹಲವರು ತೋಡಿಕೊಂಡರು. ಅಮೆರಿಕದಲ್ಲಿ ಅಧ್ಯಯನ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಮಗುವಿನ ತಾಯಿಯೋ ತಂದೆಯೋ ಆಗಿರುವುದರಿಂದ ಚರ್ಚೆ ಹೆಚ್ಚಾಗಿ ಕ್ಯಾಂಪಸ್ಸಿನ ಶಿಶುಪಾಲನೆಯ ಸುತ್ತ ನಡೆಯಿತು. 2022ರಲ್ಲಿ ಜರ್ಮನಿಯ ಸಂಶೋಧಕರು ಈ ಎಲ್ಲ ಬರಹಗಳನ್ನು ಒಟ್ಟಿಗೆ ಓದಿ ಪ್ರಕಟಿಸಿದ ಸಾಹಿತ್ಯ ಸಮೀಕ್ಷೆ, ತನ್ನ ಶೀರ್ಷಿಕೆಯಲ್ಲೇ ಇವರನ್ನು ಸಾಕಷ್ಟು ಅಧ್ಯಯನವಾಗದ ಗುಂಪು ಎಂದು ಕರೆದಿದೆ.

ಕಂಡುಬಂದದ್ದೇನು?

ಬೇರೆ ಬೇರೆ ದೇಶಗಳ ಅಧ್ಯಯನಗಳು ಕೆಲವು ವಿಷಯಗಳಲ್ಲಿ ಒಂದೇ ಮಾತನ್ನು ಹೇಳುತ್ತವೆ. ಮೊದಲನೆಯದು ಸಮಯ. ಆರೈಕೆಗೆ ಬೇಕಾದ ಗಂಟೆಗಳಿಗಿಂತಲೂ ಅದರ ಅನಿಶ್ಚಿತತೆ ಹೆಚ್ಚು ಕಾಡುತ್ತದೆ. ಅರೆಕಾಲಿಕ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗೆ ತನ್ನ ಪಾಳಿ ಯಾವಾಗ ಎಂದು ಗೊತ್ತಿರುತ್ತದೆ. ಮೂರ್ಛೆರೋಗದ ತಮ್ಮ ಇರುವವಳಿಗೆ ಮುಂದಿನ ಮೂರ್ಛೆ ಯಾವಾಗ ಎಂಬುದು ಗೊತ್ತಿರುವುದಿಲ್ಲ. ತರಗತಿಯಲ್ಲಿ ಕೂತಿದ್ದರೂ ಕಿವಿ ಫೋನಿನ ಕಡೆಗೇ ಇರುತ್ತದೆ.

ಎರಡನೆಯದು ಹಣ. ಕಾಯಿಲೆ ಬಂದ ಮನೆಯಲ್ಲಿ ಖರ್ಚು ಏರುತ್ತದೆ, ದುಡಿಯುವ ಕೈ ಕಡಿಮೆಯಾಗುತ್ತದೆ. ವಿದ್ಯಾರ್ಥಿ ಓದು, ಆರೈಕೆ, ದುಡಿಮೆ ಮೂರನ್ನೂ ಎಳೆಯಬೇಕಾಗುತ್ತದೆ. ಕಾಲೇಜಿನ ಆಯ್ಕೆಯೂ ಇದರಿಂದಲೇ ನಿರ್ಧಾರವಾಗುತ್ತದೆ. ಮನೆಗೆ ಹತ್ತಿರದ ಕಾಲೇಜು, ಪ್ರಯೋಗಾಲಯ ಇಲ್ಲದ ಕೋರ್ಸು, ಹಾಸ್ಟೆಲಿನ ಮಾತೇ ಇಲ್ಲ. ಬಿ.ಎಸ್ಸಿ.ಗೆ ಬೇಕಾದ ಅಂಕವಿದ್ದೂ ಬಿ.ಎ.ಗೆ ಸೇರುವವರ ಹಿಂದೆ ಎಷ್ಟೋ ಸಲ ಇಂಥ ಮನೆಯ ಸ್ಥಿತಿ ಇರುತ್ತದೆ.

ಮೂರನೆಯದು ಮನಸ್ಸು. ನಿದ್ರೆಗೇಡು, ಆತಂಕ, ಒಂಟಿತನ ಈ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕಾಲೇಜಿನಲ್ಲಿದ್ದರೆ ಮನೆಯವರಿಗೆ ಅನ್ಯಾಯ ಮಾಡುತ್ತಿದ್ದೇನೆ ಎಂಬ ಅಳುಕು, ಮನೆಯಲ್ಲಿದ್ದರೆ ಭವಿಷ್ಯ ಕೈಬಿಡುತ್ತಿದೆ ಎಂಬ ದಿಗಿಲು. ಎರಡೂ ಕಡೆ ತಪ್ಪಿತಸ್ಥ ಭಾವನೆ ತಪ್ಪುವುದಿಲ್ಲ. ಮನೆಯಲ್ಲಿ ಮಾನಸಿಕ ಕಾಯಿಲೆಯೋ ಕುಡಿತದ ಚಟವೋ ಇದ್ದರೆ ಅದನ್ನು ಗೆಳೆಯರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ.

ಇನ್ನೊಂದು ಮುಖವನ್ನೂ ಸಂಶೋಧಕರು ದಾಖಲಿಸಿದ್ದಾರೆ. ಆರೈಕೆ ಮಾಡಿದವರಲ್ಲಿ ಸಹನೆ, ಜವಾಬ್ದಾರಿ, ಬೇರೆಯವರ ನೋವು ಅರಿಯುವ ಗುಣ, ಬಿಕ್ಕಟ್ಟಿನಲ್ಲಿ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಬೆಳೆಯುತ್ತವೆ. ಅವರಲ್ಲಿ ಅನೇಕರು ಆರೈಕೆಯನ್ನು ಹೊರೆ ಎಂದು ಕರೆಯಲು ಒಪ್ಪುವುದಿಲ್ಲ. ಇದು ನಿಜ, ಮತ್ತು ಗೌರವಿಸಬೇಕಾದ ನಿಜ. ಆದರೆ ಶ್ರವಣಕುಮಾರನ ಕಥೆ ಕೇಳಿ ಬೆಳೆದ ನಮ್ಮ ಸಮಾಜ ಈ ಮುಖವನ್ನಷ್ಟೇ ನೋಡಿ ಕೈತೊಳೆದುಕೊಳ್ಳುವ ಅಪಾಯವಿದೆ. ಮಗನ ತ್ಯಾಗವನ್ನು, ಮಗಳ ತಾಳ್ಮೆಯನ್ನು ಹೊಗಳುವುದರಿಂದ ಅವರ ಹಾಜರಾತಿ ತುಂಬುವುದಿಲ್ಲ, ಫೀಸು ಕಟ್ಟಿದಂತಾಗುವುದಿಲ್ಲ.

ನಮ್ಮ ದೇಶದ ಚಿತ್ರ

ಭಾರತದಲ್ಲಿ ಆರೈಕೆಯ ಭಾರ ಯಾರ ಮೇಲೆ ಎಷ್ಟಿದೆ ಎಂಬುದಕ್ಕೆ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಒಳ್ಳೆಯ ಆಧಾರ. 2024ರ ಸಮೀಕ್ಷೆಯಂತೆ, 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಈ ಪ್ರಮಾಣ ಶೇ 21.4. ತೊಡಗಿಕೊಂಡ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ ಕೊಟ್ಟಿದ್ದರು. ಅಡುಗೆ, ಪಾತ್ರೆ, ಬಟ್ಟೆಯ ಕೆಲಸ ಇದರಿಂದ ಹೊರಗೆ. ಇಂಥ ಮನೆಗಳಿಂದಲೇ ಹುಡುಗಿಯರು ಕಾಲೇಜಿಗೆ ಬರುತ್ತಿದ್ದಾರೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಂತೆ ದೇಶದಲ್ಲಿ ದಾಖಲಾದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು. ಲಿಂಗ, ಸಾಮಾಜಿಕ ವರ್ಗ, ಅಂಗವೈಕಲ್ಯದ ಲೆಕ್ಕವೆಲ್ಲ ಆ ವರದಿಯಲ್ಲಿದೆ. ಮನೆಯಲ್ಲಿ ಆರೈಕೆಯ ಹೊಣೆ ಹೊತ್ತವರೆಷ್ಟು ಎಂಬ ಲೆಕ್ಕ ಅದರಲ್ಲಿಲ್ಲ.

ಕಾನೂನು ಮಾತ್ರ ಈ ಹೊಣೆಯನ್ನು ಚೆನ್ನಾಗಿ ಬಲ್ಲದು. ಹಿರಿಯರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆ ವಯಸ್ಕ ಮಕ್ಕಳ ಮೇಲೆ, ಮೊಮ್ಮಕ್ಕಳ ಮೇಲೆ ಪೋಷಣೆಯ ಕರ್ತವ್ಯ ಹೊರಿಸುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ ಆರೈಕೆದಾರರೆಂದೇ ವ್ಯಾಖ್ಯಾನಿಸುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಆರೈಕೆದಾರರಿಗೆ ಸ್ಥಾನವಿದೆ. ಹದಿನೆಂಟು ತುಂಬಿದವನನ್ನು ಶಾಸನ ಹೊಣೆಗಾರನೆಂದು ಗುರುತಿಸುವಾಗ, ಅದೇ ಹುಡುಗನನ್ನು ವಿಶ್ವವಿದ್ಯಾಲಯ ಯಾವ ಹೊಣೆಯೂ ಇಲ್ಲದ, ದಿನವಿಡೀ ಓದಿಗೆ ಸಿಗುವ ವಿದ್ಯಾರ್ಥಿಯೆಂದು ಭಾವಿಸಿ ನಿಯಮ ಮಾಡುತ್ತದೆ. ಹಾಜರಾತಿ ರಿಯಾಯಿತಿ ಬೇಕೆಂದರೆ ಸಾಮಾನ್ಯವಾಗಿ ವಿದ್ಯಾರ್ಥಿಯ ಸ್ವಂತ ಕಾಯಿಲೆಯ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ಅಮ್ಮನ ಕಾಯಿಲೆಯ ಚೀಟಿಗೆ ಬೆಲೆ ಸಿಗುವುದು ಪ್ರಾಂಶುಪಾಲರ ದಯೆಯಿಂದ.

ತಾಯ್ತನದ ವಿಷಯದಲ್ಲಿ ಒಂದಿಷ್ಟು ಬಾಗಿಲು ತೆರೆದಿದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2016ರ ನಿಯಮಾವಳಿ ಪಿಎಚ್.ಡಿ. ಮಾಡುವ ಮಹಿಳೆಯರಿಗೆ 240 ದಿನಗಳ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಟ್ಟಿತು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿ ಸಡಿಲಿಕೆಯ ನಿಯಮ ರೂಪಿಸಿ ಎಂದು 2021ರ ಡಿಸೆಂಬರಿನಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಕೇರಳ ಸರ್ಕಾರ 2023ರ ಜನವರಿಯಲ್ಲಿ ಹದಿನೆಂಟು ದಾಟಿದ ವಿದ್ಯಾರ್ಥಿನಿಯರಿಗೆ 60 ದಿನಗಳವರೆಗೆ ಹೆರಿಗೆ ರಜೆ ಘೋಷಿಸಿತು. ಅದೇ ವರ್ಷ ದೆಹಲಿ ಹೈಕೋರ್ಟ್, ಎಂ.ಎಡ್. ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಶಿಕ್ಷಣದ ಹಕ್ಕು ಮತ್ತು ತಾಯಿಯಾಗುವ ಹಕ್ಕು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಯಾರನ್ನೂ ಬಲವಂತ ಮಾಡಲಾಗದು ಎಂಬ ಆಶಯದ ತೀರ್ಪು ಕೊಟ್ಟಿತು. ಈ ತರ್ಕವನ್ನು ಹಾಸಿಗೆ ಹಿಡಿದ ತಂದೆಯ ಮಗನಿಗೂ, ಅಂಗವಿಕಲ ತಮ್ಮನ ಅಕ್ಕನಿಗೂ ವಿಸ್ತರಿಸುವುದು ಮುಂದಿನ ಹೆಜ್ಜೆಯಾಗಬೇಕು.

ಹೊರಗಿನ ಪಾಠಗಳು

ಬೇರೆ ದೇಶಗಳಲ್ಲೂ ಎಲ್ಲವೂ ಸರಿಯಿಲ್ಲ. ಬ್ರಿಟನ್ನಿನಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡುವವರಿಗೆ ಸರ್ಕಾರಿ ಭತ್ಯೆ ಇದೆ. ಆದರೆ ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಓದುವವರು ಅದಕ್ಕೆ ಅರ್ಹರಲ್ಲ. ಭತ್ಯೆ ಬೇಕೋ ಪದವಿ ಬೇಕೋ ಎಂದು ಕೇಳಿದ ಹಾಗಾಯಿತು. ಸ್ಕಾಟ್‌ಲೆಂಡ್ 2023ರಿಂದ ಜಾರಿಗೆ ತಂದ ತನ್ನದೇ ಯೋಜನೆಯಲ್ಲಿ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿ, ಪೂರ್ಣಾವಧಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರನ್ನು ಒಳಗೆ ತಂದಿತು. ಆಸ್ಟ್ರೇಲಿಯಾ 12ರಿಂದ 25 ವರ್ಷದ ಆರೈಕೆದಾರರಿಗೆ ಓದು ಮುಂದುವರಿಸಲು ಸಹಾಯಧನ ಕೊಡುತ್ತದೆ. ಆರೈಕೆ ಭತ್ಯೆ ಪಡೆಯುವವರು ಓದಿಗೆ ಕೊಡುವ ಗಂಟೆಗಳ ಮೇಲಿದ್ದ ಮಿತಿಯನ್ನು 2025ರ ಮಾರ್ಚಿನಲ್ಲಿ ಅದು ತೆಗೆದುಹಾಕಿತು.

ನಮಗೆ ಹೆಚ್ಚು ಉಪಯೋಗದ ಪಾಠ ಇನ್ನೊಂದಿದೆ, ಅದಕ್ಕೆ ಖರ್ಚೂ ಕಡಿಮೆ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಅರ್ಜಿಗಳನ್ನು ನಿಭಾಯಿಸುವ ಯುಕ್ಯಾಸ್ ಸಂಸ್ಥೆ, 2023ರ ಪ್ರವೇಶದಿಂದ ಅರ್ಜಿಯಲ್ಲೇ ಆರೈಕೆಯ ಹೊಣೆಯ ಬಗ್ಗೆ ಕೇಳತೊಡಗಿತು. ಅಮೆರಿಕದ ಇಲಿನಾಯ್, ಆರೆಗಾನ್ ರಾಜ್ಯಗಳು ವಿದ್ಯಾರ್ಥಿಗಳಲ್ಲಿ ತಂದೆ ತಾಯಿಯರೆಷ್ಟು ಎಂದು ಕಾಲೇಜುಗಳು ಲೆಕ್ಕ ಇಡಬೇಕೆಂದು ಕಾನೂನನ್ನೇ ಮಾಡಿದವು. ಲೆಕ್ಕವೇ ಇಲ್ಲದಿದ್ದರೆ ಬಜೆಟ್ಟಿನಲ್ಲಿ ಹಣವೂ ಇರುವುದಿಲ್ಲ, ನಿಯಮದಲ್ಲಿ ಜಾಗವೂ ಇರುವುದಿಲ್ಲ.

ಪದವಿ ವಿದ್ಯಾರ್ಥಿಗಳೇ ಸಂಶೋಧಕರಾದರೆ

ಈ ಲೆಕ್ಕವನ್ನು ಆರಂಭಿಸಲು ದೊಡ್ಡ ಸಂಸ್ಥೆಗಳಿಗಾಗಿ ಕಾಯಬೇಕಿಲ್ಲ. ಸಮಾಜಶಾಸ್ತ್ರ, ಸಮಾಜಕಾರ್ಯ, ಮನಃಶಾಸ್ತ್ರ, ನರ್ಸಿಂಗ್, ಗೃಹವಿಜ್ಞಾನ ಓದುವ ಪದವಿ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರುಗಳಲ್ಲಿ ಪ್ರಾಜೆಕ್ಟ್ ಮಾಡುತ್ತಾರೆ. ಅದನ್ನು ಈ ವಿಷಯದ ಕಡೆ ತಿರುಗಿಸಿದರೆ ಸಹಪಾಠಿಗಳ ಬದುಕಿನ ದಾಖಲೆ ಸಿದ್ಧವಾಗುತ್ತದೆ. ಪ್ರಾಧ್ಯಾಪಕರಿಗೆ ಹೇಳದ ವಿಷಯವನ್ನು ಓರಗೆಯವರಿಗೆ ಹೇಳುವುದು ಸುಲಭ. ಆದರೆ ಹೀಗೆ ಮಾಡುವಾಗ ಕೆಲವು ಎಡವುವ ಕಲ್ಲುಗಳಿವೆ.

ತರಗತಿಯಲ್ಲಿ ಪ್ರಶ್ನಾವಳಿ ಹಂಚಿ, ಅಲ್ಲೇ ತುಂಬಿಸಿಕೊಂಡು ಬರುವುದು ನಮ್ಮಲ್ಲಿನ ರೂಢಿ. ಈ ವಿಷಯಕ್ಕೆ ಅದು ಒಗ್ಗುವುದಿಲ್ಲ. ಯಾರನ್ನು ಹುಡುಕಬೇಕೋ ಅವರೇ ಆ ದಿನ ಗೈರುಹಾಜರಾಗಿರುವ ಸಂಭವ ಹೆಚ್ಚು. ಆದ್ದರಿಂದ ಹಾಜರಾತಿ ಕೊರತೆಯವರನ್ನು, ಪರೀಕ್ಷೆಗೆ ಶುಲ್ಕ ಕಟ್ಟಿಯೂ ಬರೆಯದವರನ್ನು, ನಡುವೆ ಓದು ಬಿಟ್ಟವರನ್ನು ಹುಡುಕಿಕೊಂಡು ಹೋಗಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರಗಳಿಗೆ ಹೋಗಿ, ರೆಗ್ಯುಲರ್ ಕಾಲೇಜು ಏಕೆ ಬಿಟ್ಟಿರಿ ಎಂದು ಕೇಳಬೇಕು.

ನೀವು ಆರೈಕೆದಾರರೇ ಎಂದು ನೇರವಾಗಿ ಕೇಳಿದರೆ ಬಹುತೇಕರು ಇಲ್ಲ ಎಂದೇ ಹೇಳುತ್ತಾರೆ. ಅಮ್ಮನನ್ನು ನೋಡಿಕೊಳ್ಳುವುದಕ್ಕೆ ಬೇರೆ ಹೆಸರು ಕೊಡಬೇಕೆಂದು ಅವರಿಗೆ ಅನ್ನಿಸಿರುವುದೇ ಇಲ್ಲ. ಹಾಗಾಗಿ ಕೆಲಸಗಳ ಬಗ್ಗೆ ಕೇಳಬೇಕು. ಕಳೆದ ವಾರ ಯಾರಿಗಾದರೂ ಸ್ನಾನ ಮಾಡಿಸಿದಿರಾ? ಊಟ ಮಾಡಿಸಿದಿರಾ? ಆಸ್ಪತ್ರೆಗೆ ಎಷ್ಟು ಸಲ ಹೋದಿರಿ? ರಾತ್ರಿ ಎಷ್ಟು ಸಲ ಎದ್ದಿರಿ? ಅದಕ್ಕಾಗಿ ಎಷ್ಟು ತರಗತಿ ತಪ್ಪಿದವು? ಒಂದು ವಾರದ ದಿನಚರಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಮನೆಗೆಲಸ ಯಾವುದು, ಆರೈಕೆ ಯಾವುದು ಎಂಬುದನ್ನು ಬೇರ್ಪಡಿಸಿ ದಾಖಲಿಸಬೇಕು. ಆರೈಕೆಯ ಹೊಣೆ ಇಲ್ಲದವರನ್ನೂ ಇದೇ ಪ್ರಶ್ನೆಗಳಿಂದ ಮಾತನಾಡಿಸಿದರೆ ಮಾತ್ರ ವ್ಯತ್ಯಾಸ ಎಲ್ಲಿದೆ ಎಂದು ಹೇಳಬಹುದು.

ಗೌಪ್ಯತೆಯಲ್ಲಂತೂ ರಾಜಿ ಸಲ್ಲದು. ಮುನ್ನೂರು ಮಂದಿಯ ಕಾಲೇಜಿನಲ್ಲಿ ಹೆಸರು ಬದಲಿಸಿದರೂ ಊರು, ಕೋರ್ಸು, ಕಾಯಿಲೆ ಮೂರನ್ನು ಬರೆದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಮಾತನಾಡುತ್ತಾ ಒಬ್ಬಳು ಕುಸಿದು ಅತ್ತರೆ ಏನು ಮಾಡಬೇಕೆಂದು ಸಂಶೋಧಕ ವಿದ್ಯಾರ್ಥಿಗೆ ಮೊದಲೇ ಗೊತ್ತಿರಬೇಕು. ಕಾಲೇಜಿನ ಆಪ್ತಸಮಾಲೋಚಕರು ಯಾರು, 14416ರ ಟೆಲಿ ಮಾನಸ್ ಸಹಾಯವಾಣಿಯಿಂದ ಏನು ನೆರವು ಸಿಗುತ್ತದೆ ಎಂಬ ಮಾಹಿತಿ ಕೈಯಲ್ಲಿರಬೇಕು.

ಇಲ್ಲೊಂದು ಗಂಭೀರ ಕೊರತೆಯನ್ನೂ ಗಮನಿಸಬೇಕು. ಯುಜಿಸಿಯ 2022ರ ಪಠ್ಯಕ್ರಮ ಚೌಕಟ್ಟಿನಲ್ಲಿ ನಾಲ್ಕನೇ ವರ್ಷದ ಸಂಶೋಧನಾ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75 ಅಂಕ ಬೇಕು. ಕರ್ನಾಟಕವಂತೂ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಆರೈಕೆಯ ಬದುಕನ್ನು ಒಳಗಿನಿಂದ ಬಲ್ಲ ವಿದ್ಯಾರ್ಥಿಗೆ ಹಾಜರಾತಿಯ ಶೇ 75 ಒಂದು ಕಡೆ, ಅಂಕದ ಶೇ 75 ಇನ್ನೊಂದು ಕಡೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಈ ಸಂಶೋಧನೆಯನ್ನು ಹೆಚ್ಚು ಅಂಕದವರಿಗಷ್ಟೇ ಮೀಸಲಿಡದೆ, ಎಲ್ಲರೂ ಮಾಡುವ ಪ್ರಾಜೆಕ್ಟಿನ ಮಟ್ಟದಲ್ಲೇ ಆರಂಭಿಸಬೇಕು. ಆರೈಕೆ ಮಾಡುವ ವಿದ್ಯಾರ್ಥಿಗಳನ್ನು ಉತ್ತರ ಕೊಡುವವರಾಗಿ ಮಾತ್ರವಲ್ಲ, ಪ್ರಶ್ನೆ ರೂಪಿಸುವವರಾಗಿಯೂ ಸೇರಿಸಿಕೊಳ್ಳಬೇಕು.

ರಿಯಾಯಿತಿ ಸಾಕೇ?

ಪರಿಹಾರದ ಮಾತು ಬಂದಾಗ ಮೊದಲು ಹೊಳೆಯುವುದು ಹಾಜರಾತಿ ಸಡಿಲಿಕೆ. ಅದು ಬೇಕು. ಆದರೆ ಅನುಭವಿ ಅಧ್ಯಾಪಕಿಯರು ಎತ್ತಬಹುದಾದ ಒಂದು ಆಕ್ಷೇಪ ತೂಕದ್ದು. ಎಷ್ಟೋ ಹುಡುಗಿಯರಿಗೆ ಹಾಜರಾತಿಯ ನಿಯಮವೇ ರಕ್ಷಣೆ. “ಅಟೆಂಡೆನ್ಸ್ ಹೋಗುತ್ತೆ, ಪರೀಕ್ಷೆಗೆ ಕೂರಿಸಲ್ಲ” ಎಂದು ಹೇಳಿಯೇ ಅಂಥ ಹುಡುಗಿ ಮನೆಯಿಂದ ಹೊರಬೀಳುತ್ತಾಳೆ. ನಿಯಮ ಸಡಿಲವಾದರೆ ಮನೆಯವರು ಅವಳನ್ನು ಇನ್ನಷ್ಟು ದಿನ ಮನೆಯಲ್ಲೇ ನಿಲ್ಲಿಸಿಕೊಳ್ಳಬಹುದು, ಅಣ್ಣ ಮಾತ್ರ ನಿರಾಳವಾಗಿ ಕಾಲೇಜಿಗೆ ಹೋಗಬಹುದು.

ಈ ಆಕ್ಷೇಪಕ್ಕೆ ಉತ್ತರವಿದೆ. ರಿಯಾಯಿತಿ ತಾನಾಗಿ ಸಿಗುವ ಸೌಲಭ್ಯವಾಗಬಾರದು. ವಿದ್ಯಾರ್ಥಿ ಮತ್ತು ಮೆಂಟರ್ ಕೂತು ಮಾಡಿಕೊಂಡ, ಸೆಮಿಸ್ಟರಿಗೊಮ್ಮೆ ಪರಿಶೀಲಿಸುವ ಲಿಖಿತ ಒಪ್ಪಂದವಾಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಪತ್ರ ಅದಕ್ಕೆ ಆಧಾರವಾಗಲಿ. ತಪ್ಪಿದ ಇಂಟರ್ನಲ್ ಪರೀಕ್ಷೆಗೆ ಇನ್ನೊಂದು ದಿನ, ತಪ್ಪಿದ ಪಾಠಕ್ಕೆ ಟಿಪ್ಪಣಿ, ಮನೆಯ ಕಷ್ಟವನ್ನು ಹತ್ತು ಕಡೆ ಹೇಳಿಕೊಳ್ಳದೆ ಒಬ್ಬರ ಹತ್ತಿರ ಹೇಳಿದರೆ ಸಾಕು ಎಂಬ ಏರ್ಪಾಡು, ಇವು ಕಾಲೇಜಿನ ಮಟ್ಟದಲ್ಲೇ ಆಗುವ ಕೆಲಸ.

ಉಳಿದರ್ಧ ಕಾಲೇಜಿನ ಕೈಯಲ್ಲಿಲ್ಲ. ಮನೆಯಲ್ಲಿ ಆರೈಕೆಗೆ ಇನ್ನೊಂದು ಕೈ ಸಿಗಬೇಕು. ಹಿರಿಯರಿಗೆ, ಅಂಗವಿಕಲರಿಗೆ ತಾಲ್ಲೂಕು ಮಟ್ಟದಲ್ಲಿ ಹಗಲು ಆರೈಕೆ ಕೇಂದ್ರ, ಕಾಲೇಜಿನ ಹತ್ತಿರ ಶಿಶುಪಾಲನಾ ಕೇಂದ್ರ, ಮನೆಗೇ ಬರುವ ಉಪಶಮನ ಆರೈಕೆ ತಂಡ, ಇವು ಇದ್ದರೆ ಮಾತ್ರ ವಿದ್ಯಾರ್ಥಿಗೆ ನಿಜವಾದ ಬಿಡುವು ಸಿಗುತ್ತದೆ. ಉಪಶಮನ ಆರೈಕೆಗೆ 2008ರಲ್ಲೇ ಪ್ರತ್ಯೇಕ ನೀತಿ ರೂಪಿಸಿ, ಊರಿನ ಸ್ವಯಂಸೇವಕರನ್ನು ಸೇರಿಸಿಕೊಂಡು ಮನೆ ಮನೆಗೆ ತಲುಪಿದ ಕೇರಳ, ಇದು ಆಗದ ಕೆಲಸವಲ್ಲ ಎಂದು ತೋರಿಸಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಅವಕಾಶವನ್ನು ಸರ್ಕಾರಗಳ ಮುಂದಿಟ್ಟಿದೆ. ಅಂಥ ಭತ್ಯೆಯ ನಿಯಮ ರೂಪಿಸುವಾಗ ಬ್ರಿಟನ್ನಿನ ತಪ್ಪನ್ನು ನಾವು ಮಾಡಬಾರದು. ಮನೆಯಲ್ಲಿ ನೋಡಿಕೊಳ್ಳುವ ವ್ಯಕ್ತಿ ಓದುತ್ತಿದ್ದಾಳೆ ಎಂಬುದು ಅನರ್ಹತೆಯಾಗಬಾರದು.

ಇದನ್ನೆಲ್ಲ ಒಂದೇ ವರ್ಷದಲ್ಲಿ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಅರ್ಜಿಯಲ್ಲಿ, ಇಷ್ಟವಿದ್ದರೆ ತುಂಬಬಹುದಾದ ಒಂದು ಪ್ರಶ್ನೆ ಇರಲಿ: ಮನೆಯಲ್ಲಿ ಯಾರದಾದರೂ ಆರೈಕೆಯ ಹೊಣೆ ನಿಮ್ಮ ಮೇಲಿದೆಯೇ? ಅದಕ್ಕೆ ಬಂದ ಉತ್ತರಗಳನ್ನು ಗುಟ್ಟಾಗಿ ಕಾಪಾಡಿ, ಪ್ರತಿ ಕಾಲೇಜಿನ ಒಂದು ವಿದ್ಯಾರ್ಥಿ ತಂಡ ಅದರ ಮೇಲೆ ಪ್ರಾಜೆಕ್ಟ್ ಮಾಡಲಿ. ಆ ವರದಿ ಗ್ರಂಥಾಲಯದ ಕಪಾಟು ಸೇರದೆ ಶೈಕ್ಷಣಿಕ ಮಂಡಳಿಯ ಸಭೆಗೆ ಬರಲಿ. ಹಾಜರಾತಿಯ ನಿಯಮ ತಿದ್ದುವ ಅಧಿಕಾರ ಇರುವುದು ಅಲ್ಲಿಯೇ. ಆ ಸಭೆಯಲ್ಲಿ ಕೂರುವವರು ಇನ್ನು ಮೇಲೆ ಶೇ 75ರ ಕೆಳಗಿನ ಪ್ರತಿ ಹೆಸರಿನ ಮುಂದೆ ಕಾರಣವನ್ನೂ ಕೇಳಬೇಕು, ಕೇಳಿ ತಿಳಿದ ಮೇಲೆ ಅದಕ್ಕೆ ತಕ್ಕ ನಿಯಮವನ್ನೂ ಮಾಡಬೇಕು.